ಜೋಡೆತ್ತಿನ ನೊಗ ಮುರಿದ ನೆಲ

1962ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 208 ಸ್ಥಾನಗಳ ಪೈಕಿ 138ನ್ನು ಕಾಂಗ್ರೆಸ್ ಗೆದ್ದುಕೊಂಡಿತು. ಆ ಗೆಲುವಿನ ಮುಂದಾಳು ಎಸ್. ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಸೋತರು. ಸೋಲಿಸಿದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಪಕ್ಷ ಗೆದ್ದು ನಾಯಕ ಸೋತದ್ದರಿಂದ ಎಸ್.ಆರ್. ಕಂಠಿಯವರು ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿಯಾಗಬೇಕಾಯಿತು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸ್ಥಾನ ತೆರವು ಮಾಡಿಕೊಟ್ಟರು. ಅಲ್ಲಿಂದ ಆರಿಸಿ ಬಂದ ನಿಜಲಿಂಗಪ್ಪನವರು ಜೂನ್ 21ರಂದು ಅಧಿಕಾರ ವಹಿಸಿಕೊಂಡರು. ಸರಿಯಾಗಿ ನಾಲ್ಕು ತಿಂಗಳಿಗೆ ಚೀನಾ ಗಡಿಯಲ್ಲಿ ಯುದ್ಧ ಶುರುವಾಯಿತು. ಹೊಸದುರ್ಗ ಯಾಕೆ ಹಾಗೆ ಮತ ಹಾಕಿತು ಎಂದು ಕೂತು ಯೋಚಿಸುವ ಪುರಸೊತ್ತು ಆಮೇಲೆ ಯಾರಿಗೂ ಆಗಲಿಲ್ಲ.

ನಾನು ಹೊಳಲ್ಕೆರೆಯವನು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾಗಿ ಈಗ ಚಿತ್ರದುರ್ಗದಲ್ಲಿದ್ದೇನೆ. 1969ರಲ್ಲಿ ಕಾಂಗ್ರೆಸ್ ಒಡೆದ ಕತೆಯನ್ನು ನಮ್ಮ ಪುಸ್ತಕಗಳೆಲ್ಲ ದೆಹಲಿಯಿಂದ ಶುರುಮಾಡುತ್ತವೆ. ಇಂದಿರಾ ಗಾಂಧಿ ಒಂದು ಕಡೆ, ಸಿಂಡಿಕೇಟ್ ಎನ್ನಿಸಿಕೊಂಡ ಪಕ್ಷದ ಹಿರಿಯರ ಕೂಟ ಇನ್ನೊಂದು ಕಡೆ, ನಡುವೆ ರಾಷ್ಟ್ರಪತಿ ಚುನಾವಣೆ. ಅದು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ನಮ್ಮ ದುರ್ಗದ ಕೋರ್ಟಿನಲ್ಲಿ ವಕೀಲಿಕೆ ಮಾಡಿದ ಇದೇ ನಿಜಲಿಂಗಪ್ಪನವರು. ಅವರ ಪಕ್ಷದ ಏಳುಬೀಳನ್ನು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆಯಿಂದ ನೋಡಿದರೆ ಕತೆಯ ಆರಂಭ ಏಳೆಂಟು ವರ್ಷ ಹಿಂದಕ್ಕೆ ಸರಿಯುತ್ತದೆ, ಕಾರಣವೂ ಬೇರೆಯಾಗಿ ಕಾಣುತ್ತದೆ.

ಮೊದಲು ಪಕ್ಷ ಇಲ್ಲಿ ಬೇರುಬಿಟ್ಟ ಬಗೆ. ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ಓದಿದ್ದು ದಾವಣಗೆರೆ, ಚಿತ್ರದುರ್ಗ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು; 1926ರಲ್ಲಿ ಪುಣೆಯಿಂದ ಕಾನೂನು ಪದವಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಚಳವಳಿ ಕಾವೇರಿದಾಗ, 1939ರಲ್ಲಿ, ದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡಕ್ಕೆ ಬಳಸುವ ಈಚಲು ಮರಗಳನ್ನು ಊರವರೇ ಕಡಿದು ಕೆಡವಿದರು. ಸರ್ಕಾರಕ್ಕೆ ಅಬಕಾರಿ ವರಮಾನ ತರುತ್ತಿದ್ದ ಮರ ಅದು. ಸಂಸಾರಗಳನ್ನು ಹಾಳುಮಾಡುತ್ತಿದ್ದ ಮರವೂ ಅದೇ. ಕೊಡಲಿ ಎಲ್ಲರ ಮನೆಯಲ್ಲೂ ಇತ್ತು, ಮರ ಊರ ಹೊರಗೇ ಇತ್ತು. ಕಾನೂನು ಮುರಿಯುವುದೆಂದರೆ ಏನೆಂದು ಯಾರಿಗೂ ಭಾಷಣದಲ್ಲಿ ವಿವರಿಸಿ ಹೇಳಬೇಕಾಗಿರಲಿಲ್ಲ. ಮುಂದಾಳತ್ವ ವಹಿಸಿದ್ದ ನಿಜಲಿಂಗಪ್ಪನವರು ಜೈಲು ಸೇರಿದರು. ಪಕ್ಕದ ಮಾಯಕೊಂಡದ ಕಡೆ ಬಳ್ಳಾರಿ ಸಿದ್ದಮ್ಮನವರಂಥ ಹೆಂಗಸರು ಇದೇ ಹೋರಾಟಕ್ಕಿಳಿದು ಸೆರೆವಾಸ ಕಂಡರು. ಜನ ಹೇಳಿದ್ದನ್ನು ಕಾಂಗ್ರೆಸ್ ಕೇಳಿತು, ಕಾಂಗ್ರೆಸ್ ಹೇಳಿದ್ದನ್ನು ಜನ ಕೇಳಿದರು. ಆಮೇಲಿನ ಇಪ್ಪತ್ತೈದು ವರ್ಷ ಪಕ್ಷ ಇಲ್ಲಿ ಉಂಡದ್ದು ಆ ಗಳಿಕೆಯನ್ನೇ.

ಏಕೀಕರಣದ ಹೋರಾಟದಲ್ಲೂ ನಿಜಲಿಂಗಪ್ಪನವರು ಮುಂಚೂಣಿಯಲ್ಲಿದ್ದರು, ಸಂವಿಧಾನ ಸಭೆಯ ಸದಸ್ಯರಾಗಿದ್ದರು, 1952ರಲ್ಲಿ ಚಿತ್ರದುರ್ಗದಿಂದಲೇ ಮೊದಲ ಲೋಕಸಭೆಗೆ ಹೋದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಮೊದಲ ಮುಖ್ಯಮಂತ್ರಿಯೂ ಅವರೇ. ದುರ್ಗದ ಜನಕ್ಕೆ ಅದು ಎಷ್ಟು ಹೆಮ್ಮೆಯ ಸಂಗತಿಯಾಗಿತ್ತು ಎಂಬುದನ್ನು ನಮ್ಮಪ್ಪನ ಬಾಯಲ್ಲಿ ಕೇಳಬೇಕಿತ್ತು. ಅಪ್ಪ ಹೊಳಲ್ಕೆರೆ ಪೇಟೆಯಲ್ಲಿ ಚಿಕ್ಕ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಖಾದಿ ಬಿಟ್ಟು ಬೇರೆ ತೊಟ್ಟವರಲ್ಲ. ಪಕ್ಷದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಆದರೆ ಚುನಾವಣೆ ಬಂತೆಂದರೆ ಅಂಗಡಿ ಅವ್ವನ ಪಾಲಿಗೆ, ಸೈಕಲ್ಲು ಅಪ್ಪನ ಪಾಲಿಗೆ. 1957ರ ತನಕ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮತಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಚೀಟಿಗೆ ಮುದ್ರೆ ಒತ್ತುವ ಪದ್ಧತಿ ನಮ್ಮ ಕಡೆ ಬಂದದ್ದು 1962ರ ಸಾರ್ವತ್ರಿಕ ಚುನಾವಣೆಗೆ. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಬಂಡಿ, ನೇಗಿಲು, ಕುಂಟೆ ಯಾವುದಕ್ಕೂ ಜೋಡಿ ಎತ್ತು ಬೇಕಾದ ಈ ಬಯಲುಸೀಮೆಯಲ್ಲಿ ಆ ಗುರುತನ್ನು ಯಾರಿಗೂ ಪರಿಚಯಿಸಬೇಕಾಗಿರಲಿಲ್ಲ. ಪ್ರಜಾ ಸೋಷಲಿಸ್ಟರದು ಗುಡಿಸಲು. ಹೊಸದುರ್ಗದ ಮತದಾರರು ಹೊಸ ಚೀಟಿಯ ಮೇಲೆ ಜೋಡೆತ್ತನ್ನು ಬಿಟ್ಟು ಗುಡಿಸಲಿಗೆ ಮುದ್ರೆ ಒತ್ತಿದರು ಎಂಬುದನ್ನು ಅಪ್ಪ ಬಹಳ ದಿನ ನಂಬಲೇ ಇಲ್ಲ.

ಯಾಕೆ ಒತ್ತಿದರು? ಅಷ್ಟರಲ್ಲಾಗಲೇ ಪಕ್ಷದೊಳಗೆ ಗುಂಪುಗಾರಿಕೆ ಬಲಿತಿತ್ತು. 1958ರಲ್ಲಿ ಒಳಜಗಳದಿಂದಲೇ ನಿಜಲಿಂಗಪ್ಪನವರು ಇಳಿದು ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದರು. ಅದಕ್ಕಿಂತ ಆಳದ ಕಾರಣ ಇನ್ನೊಂದಿತ್ತು. ನಿಜಲಿಂಗಪ್ಪ, ಜತ್ತಿ, ಕಂಠಿ, ಆಮೇಲೆ ಬಂದ ವೀರೇಂದ್ರ ಪಾಟೀಲ: 1956ರಿಂದ 1971ರವರೆಗೆ ರಾಜ್ಯ ಆಳಿದ ನಾಲ್ವರೂ ಒಂದೇ ಸಮುದಾಯದವರು. ನನ್ನ ಸಮುದಾಯವೂ ಅದೇ, ಹಾಗಾಗಿ ಇದನ್ನು ಹೇಳುವ ಹೊಣೆ ನನ್ನಂಥವರ ಮೇಲೆ ಹೆಚ್ಚು. ದುರ್ಗದ ಸೀಮೆ ನಾಯಕರದು, ಗೊಲ್ಲರದು, ಕುರುಬರದು, ಉಪ್ಪಾರರದು, ಲಂಬಾಣಿಗಳದು, ಮಾದಿಗ ಹೊಲೆಯ ಕೇರಿಗಳದು. ತುರುವನೂರಿನ ಕಾಲದಲ್ಲಿ ಇವರೆಲ್ಲರಿಗೂ ಪಕ್ಷದಲ್ಲಿ ಒಂದು ಕೆಲಸವಿತ್ತು. ಅಧಿಕಾರ ಬಂದಮೇಲೆ ಆ ಕೆಲಸ ಮುಗಿದುಹೋಯಿತು. ಸಭೆಗೆ ಚಾಪೆ ಹಾಸುವವರು ಅವರೇ, ಚಾಪೆಯ ಮೇಲೆ ಕೂರುವವರು ಊರ ಗೌಡರು. ಇಷ್ಟನ್ನು ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದ ನಾನೂ ನಮ್ಮ ಅಂಗಡಿ ಕಟ್ಟೆಯಿಂದಲೇ ನೋಡಿದ್ದೇನೆ.

ಇನ್ನು ಯುದ್ಧ. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು, 26ಕ್ಕೆ ರಾಷ್ಟ್ರದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕಾಳಗ ಒಂದು ತಿಂಗಳಲ್ಲಿ ನಿಂತಿತು. ತುರ್ತು ಪರಿಸ್ಥಿತಿ ನಿಲ್ಲಲಿಲ್ಲ. 1965ರ ಪಾಕಿಸ್ತಾನದ ಯುದ್ಧವನ್ನೂ ದಾಟಿ 1968ರ ಜನವರಿ 10ರವರೆಗೆ ಅದು ಮುಂದುವರಿಯಿತು. ನಿಜಲಿಂಗಪ್ಪನವರ ಎರಡನೆಯ ಅವಧಿ 1962ರ ಜೂನಿನಿಂದ 1968ರ ಮೇ ತನಕ. ಎಂದರೆ ಅವರು ರಾಜ್ಯ ಆಳಿದ್ದು ಹೆಚ್ಚುಕಡಿಮೆ ಪೂರ್ತಿ ಯುದ್ಧಕಾಲದ ಕಾನೂನಿನ ಕೆಳಗೆ. 1975ರ ತುರ್ತು ಪರಿಸ್ಥಿತಿಯ ಬಗ್ಗೆ ಎಷ್ಟೊಂದು ಬರೆಯುವ ನಾವು ಐದು ವರ್ಷ ನಡೆದ ಈ ಮೊದಲನೆಯದನ್ನು ಮರೆತೇಬಿಟ್ಟಿದ್ದೇವೆ. ಭಾರತ ರಕ್ಷಣಾ ನಿಯಮಗಳು ಜಾರಿಯಲ್ಲಿದ್ದವು; ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು.

ನಮ್ಮ ಬೀದಿಗೆ ಯುದ್ಧ ಬಂದದ್ದು ರಸೀತಿ ಪುಸ್ತಕದ ರೂಪದಲ್ಲಿ. ರಾಷ್ಟ್ರೀಯ ರಕ್ಷಣಾ ನಿಧಿಗೆ ಹಣ, ಚಿನ್ನ ಕೊಡಿ ಎಂದು ಕರೆ ಬಂದಿತ್ತು. ಅಪ್ಪ ಮನೆಮನೆ ತಿರುಗಿದರು. ಯಾರೂ ಇಲ್ಲವೆನ್ನಲಿಲ್ಲ. ಅಜ್ಜಿ ತನ್ನ ಬುಗುಡಿ ಬಿಚ್ಚಿ ಕೊಟ್ಟಳು. ಅದು ಅವಳ ತವರಿನದು, ಕಿವಿಯ ಮೇಲ್ಭಾಗದ ತೂತು ಆಮೇಲೆ ಹಾಗೆಯೇ ಖಾಲಿ ಉಳಿಯಿತು. ಆ ರಸೀತಿ ಇವತ್ತಿಗೂ ನನ್ನ ಹತ್ತಿರ ಇದೆ. ತಿಳಿ ಹಳದಿ ಕಾಗದ, ಮಡಿಕೆಯಲ್ಲಿ ಹರಿದಿದೆ, ನೀಲಿ ಶಾಯಿಯಲ್ಲಿ ಅಜ್ಜಿಯ ಹೆಸರು, ತೂಕ, ಕೆಳಗೆ ಓದಲಾಗದ ಒಂದು ರುಜು. ಓದುಬರಹ ಬಾರದ ಅಜ್ಜಿಯ ಹೆಸರನ್ನು ಸರ್ಕಾರದ ಕಾಗದವೊಂದು ಪೂರ್ತಿಯಾಗಿ ಬರೆದದ್ದು ಪ್ರಾಯಶಃ ಅದೊಂದೇ ಸಲ. ಕೊಟ್ಟದ್ದಕ್ಕೆ ಅವಳಿಗೆ ಕೊನೆಯವರೆಗೂ ಬೇಸರವಿರಲಿಲ್ಲ. ನೆಹರೂ ಕೇಳಿದರು, ನಿಜಲಿಂಗಪ್ಪ ಕೇಳಿದರು, ಕೊಟ್ಟೆ ಅಷ್ಟೇ ಎನ್ನುತ್ತಿದ್ದಳು.

ಕೊಟ್ಟವರ ಕತೆ ಹೀಗಾದರೆ, ಕಳೆದುಕೊಂಡವರದು ಬೇರೆ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು. ಯುದ್ಧದ ಖರ್ಚು, ವಿದೇಶಿ ವಿನಿಮಯದ ಅಭಾವ, ಕಳ್ಳಸಾಗಣೆ ಎಲ್ಲಕ್ಕೂ ಇದೇ ಮದ್ದು ಎಂದು ಸರ್ಕಾರ ನಂಬಿತು. ಹೊಸ ಒಡವೆಯನ್ನು ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡುವಂತಿಲ್ಲ ಎಂದು ವಿಧಿಸಿತು. ನಮ್ಮ ಮನೆಯಿಂದ ಮೂರನೆಯದು ಆಚಾರ್ರ ಮನೆ. ಜಗಲಿಯ ಮೇಲೆ ಅಗ್ಗಿಷ್ಟಿಕೆ, ಊದುಗೊಳವೆ, ಒರೆಗಲ್ಲು, ಗುಲಗಂಜಿ ಹಾಕಿ ತೂಗುವ ಪುಟ್ಟ ತಕ್ಕಡಿ. ಶಾಲೆ ಬಿಟ್ಟಮೇಲೆ ಅವರು ತಂತಿ ಎಳೆಯುವುದನ್ನು ನೋಡುತ್ತ ಕೂರುವುದು ನನ್ನ ಅಭ್ಯಾಸವಾಗಿತ್ತು. ಬೆರಕೆ ಜಾಸ್ತಿಯಾದ ಚಿನ್ನ ಗಡುಸು. ತಗಡು ಬಡಿದರೆ ಅಂಚು ಸೀಳುತ್ತದೆ, ಕುಸುರಿಗೆ ಒಗ್ಗುವುದಿಲ್ಲ, ಬಣ್ಣ ತಾಮ್ರದ ಕಡೆಗೆ ವಾಲುತ್ತದೆ. ಆಚಾರ್ರು ಒಂದು ತಾಳಿಗುಂಡನ್ನು ಆ ಚಿನ್ನದಲ್ಲಿ ಮಾಡಿ ತಂದು ಅಪ್ಪನ ಅಂಗೈಯಲ್ಲಿಟ್ಟರು. “ಯಜಮಾನ್ರೇ, ನಿಮ್ಮ ಮಗಳ ಮದುವೆಗೆ ಇಂಥದ್ದು ಕಟ್ಟಿಸ್ತೀರಾ?” ಎಂದು ಕೇಳಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಯುದ್ಧ ಮುಗೀಲಿ ಆಚಾರ್ರೇ, ಎಲ್ಲಾ ಸರಿ ಹೋಗುತ್ತೆ” ಎಂದರು. ಆ ಹೊತ್ತಿಗೆ ಕಾಳಗ ನಿಂತು ತಿಂಗಳುಗಳೇ ಕಳೆದಿದ್ದವು.

ತಾಳಿ, ಮೂಗುಬೊಟ್ಟು ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ; ಹದಿನಾಲ್ಕು ಕ್ಯಾರೆಟ್ಟಿನ ತಾಳಿಯನ್ನು ಯಾರೂ ಒಪ್ಪಲಿಲ್ಲ. ದೇಶದ ಉದ್ದಗಲಕ್ಕೂ ಲಕ್ಷಾಂತರ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಕೆಲವು ಕಡೆ ಆತ್ಮಹತ್ಯೆಗಳಾದವು. ನಮ್ಮ ಆಚಾರ್ರು ಕುಲುಮೆ ಕೆಲಸಕ್ಕೆ ಇಳಿದರು. ಚಿನ್ನದ ತಂತಿ ಎಳೆದ ಕೈ ಕುಡುಗೋಲಿಗೆ ಹಲ್ಲು ಕೊಚ್ಚತೊಡಗಿತು. 1966ರಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ಸಡಿಲಾಯಿತು. ಆದರೆ 1968ರಲ್ಲಿ ನಿಯಂತ್ರಣಕ್ಕೆ ಪ್ರತ್ಯೇಕ ಕಾಯಿದೆಯೇ ಬಂದು, ಅದು ರದ್ದಾದದ್ದು 1990ರಲ್ಲಿ. ಅಕ್ಕಸಾಲಿಗರು ಸಂಖ್ಯೆಯಲ್ಲಿ ಕಡಿಮೆ, ಊರಿಗೊಂದು ಮನೆ, ದೊಡ್ಡ ಊರಾದರೆ ಒಂದು ಬೀದಿ. ಪಕ್ಷ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಊರಿನ ಪ್ರತಿಯೊಂದು ಮದುವೆಮನೆಯೂ ಅವರ ಜಗಲಿಗೆ ಬಂದೇ ಹೋಗುತ್ತದೆ. ಆ ಜಗಲಿಯ ಮಾತು ಊರ ತುಂಬ ಹರಡುತ್ತದೆ ಎಂಬುದು ಪಕ್ಷಕ್ಕೆ ಹೊಳೆಯಲಿಲ್ಲ.

ಆಮೇಲೆ ಹಸಿವು. 1965, 66ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನ ಯುದ್ಧದ ಹೊತ್ತಿಗೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡರು. ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಕೇರಿಗಳಲ್ಲಿ ಒಲೆ ಹೊತ್ತದ ರಾತ್ರಿಗಳು ಯಾರ ಕರೆಗೂ ಕಾಯದೆ ಬರುತ್ತಿದ್ದವು. ರಾಗಿ, ಜೋಳ, ಸಾವೆ, ನವಣೆ ತಿಂದು ಬೆಳೆದ ಸೀಮೆಗೆ ಅಮೆರಿಕದ ಗೋಧಿ, ಕೆಂಪು ಜೋಳ ಬಂದವು. ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ಅವ್ವ ಬೀಸಿ ಮುದ್ದೆ ಕಟ್ಟಿದಳು. ಅದು ಅಂಟಾಗಿ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ನುಚ್ಚು ಮಾಡಿ ಬೇಯಿಸುವುದನ್ನು ಕಲಿತಳು. ಹಿರಿಯೂರಿನ ಕಡೆ ಮಾರಿಕಣಿವೆ ಕಾಲುವೆಯ ನೀರಿದ್ದವರು ಭತ್ತ ಬೆಳೆದರು. ಬೆಳೆದವರಿಗೆ ಲೆವಿಯ ಕಾಟ. ಅಧಿಕಾರಿಗಳು ಬಂದು ಕಣಜ ಅಳೆದು ಸರ್ಕಾರದ ದರಕ್ಕೆ ಭತ್ತ ಒಯ್ಯುತ್ತಿದ್ದರು. ಬೆಳೆಯದವನಿಗೆ ಪಡಿತರದ ಸಾಲು, ಬೆಳೆದವನಿಗೆ ಲೆವಿಯ ಲೆಕ್ಕ. ಇಬ್ಬರಿಗೂ ಸರ್ಕಾರದ ಉತ್ತರ ಒಂದೇ: ದೇಶ ಕಷ್ಟದಲ್ಲಿದೆ.

ದೇಶ ಕಷ್ಟದಲ್ಲಿದ್ದದ್ದು ನಿಜ. ನಿಜಲಿಂಗಪ್ಪನವರ ಸರ್ಕಾರ ಕೆಲಸ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಶರಾವತಿಯ ವಿದ್ಯುತ್ತು ಹಳ್ಳಿಗಳಿಗೆ ಹರಿದದ್ದು, ನೀರಾವರಿಯ ಕೆಲಸಗಳು, ಹಳ್ಳಿಹಳ್ಳಿಗೆ ಶಾಲೆ, ಇವೆಲ್ಲ ಆ ಕಾಲದವು. ಕೈ ಕೊಳೆ ಮಾಡಿಕೊಂಡ ಮನುಷ್ಯ ಎಂದು ಅವರ ಕಡುವೈರಿಯೂ ಹೇಳಲಿಲ್ಲ. ನನ್ನ ಮಾತು ಇಷ್ಟೇ: ಆರು ವರ್ಷ ಯುದ್ಧದ ಹೆಸರಿನಲ್ಲಿ ಕೇಳಿದ್ದೆಲ್ಲ ಸಿಕ್ಕಿತು. ಬುಗುಡಿ ಸಿಕ್ಕಿತು, ಭತ್ತ ಸಿಕ್ಕಿತು, ಸೋಮವಾರದ ಊಟ ಸಿಕ್ಕಿತು. ಜನ ಕೊಟ್ಟದ್ದು ದೇಶಕ್ಕೆ. ಪಕ್ಷ ಅದನ್ನು ತನಗೇ ಕೊಟ್ಟರೆಂದು ತಿಳಿಯಿತು. ಪಡಿತರದಂಗಡಿ, ಸಹಕಾರ ಸಂಘ, ತಾಲ್ಲೂಕು ಬೋರ್ಡು ಎಲ್ಲವೂ ಪಕ್ಷದವರ ಕೈಯಲ್ಲಿದ್ದಾಗ ಸರ್ಕಾರ ಯಾವುದು, ಪಕ್ಷ ಯಾವುದು ಎಂಬ ಗೆರೆಯೂ ಅಳಿಸಿಹೋಯಿತು.

ಮತದ ಚೀಟಿ ಮಾತ್ರ ಜನರ ಕೈಯಲ್ಲೇ ಉಳಿದಿತ್ತು. 1957ರ ಲೋಕಸಭಾ ಚುನಾವಣೆಯಲ್ಲಿ ಜಗಳೂರಿನ ಜೆ. ಮಹಮದ್ ಇಮಾಮ್ ಸಾಹೇಬರು ಪ್ರಜಾ ಸೋಷಲಿಸ್ಟರ ಪರವಾಗಿ ಚಿತ್ರದುರ್ಗ ಕ್ಷೇತ್ರ ಗೆದ್ದಿದ್ದರು. 1962ರಲ್ಲಿ ಕಾಂಗ್ರೆಸ್ಸಿನ ಎಸ್. ವೀರಬಸಪ್ಪನವರು ಅದನ್ನು ಮರಳಿ ಪಡೆದರು. 1967ರಲ್ಲಿ ಇಮಾಮ್ ಸಾಹೇಬರು ಸ್ವತಂತ್ರ ಪಕ್ಷದ ನಕ್ಷತ್ರದ ಗುರುತಿನಲ್ಲಿ ನಿಂತು ಮತ್ತೆ ಗೆದ್ದರು. ಮುಖ್ಯಮಂತ್ರಿಯ ತವರು ಜಿಲ್ಲೆಯಲ್ಲೇ, ಯುದ್ಧದ ಎರಡು ಸುತ್ತು ಮುಗಿದ ಹೊತ್ತಿನಲ್ಲಿ! ರಾಜ್ಯದಲ್ಲೂ ಕಾಂಗ್ರೆಸ್ಸಿನ ಬಲ 216ರಲ್ಲಿ 126ಕ್ಕೆ ಇಳಿಯಿತು. ಉತ್ತರದ ಹಲವು ರಾಜ್ಯಗಳನ್ನೂ ಪಕ್ಕದ ಮದರಾಸನ್ನೂ ಪಕ್ಷ ಕಳೆದುಕೊಂಡಿತು. ಆ ವರ್ಷ ನಿಜಲಿಂಗಪ್ಪನವರು ಶಾಸಕರಾದದ್ದು ದೂರದ ಶಿಗ್ಗಾಂವಿಯಿಂದ. ರಾಜ್ಯದ ನಾಯಕ ತನ್ನ ನೆಲದಲ್ಲಿ ನಿಲ್ಲಲು ಹಿಂಜರಿಯುವ ಸ್ಥಿತಿ ಬಂದಾಗಲೇ ಪಕ್ಷ ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಅದು ಅವರನ್ನು ಇನ್ನೂ ಮೇಲಕ್ಕೆ, ದೆಹಲಿಗೆ ಕಳಿಸಿತು.

ಇಲ್ಲಿ ಎರಡು ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನಿಜಲಿಂಗಪ್ಪನವರು ಹೈದರಾಬಾದ್ ಅಧಿವೇಶನದಲ್ಲಿ ಅಖಿಲ ಭಾರತ ಅಧ್ಯಕ್ಷರಾಗಿ ಕೂತದ್ದು 1968ರ ಜನವರಿಯಲ್ಲಿ. ತುರ್ತು ಪರಿಸ್ಥಿತಿ ಹೋದದ್ದೂ ಅದೇ ಜನವರಿಯಲ್ಲಿ. ಮತ್ತೆ ತುರ್ತು ಪರಿಸ್ಥಿತಿ ಬಂದದ್ದು 1971ರ ಡಿಸೆಂಬರ್ 3ರಂದು, ಬಾಂಗ್ಲಾ ಯುದ್ಧದೊಂದಿಗೆ. ಅದು ಹೋದದ್ದು 1977ರಲ್ಲಿ. 1962ರ ಅಕ್ಟೋಬರಿನಿಂದ 1977ರ ಮಾರ್ಚಿನವರೆಗಿನ ಹದಿನಾಲ್ಕೂವರೆ ವರ್ಷಗಳಲ್ಲಿ ನಮ್ಮ ಗಣರಾಜ್ಯ ತುರ್ತಿನ ಕಾನೂನಿಲ್ಲದೆ ಉಸಿರಾಡಿದ್ದು ಸುಮಾರು ನಾಲ್ಕು ವರ್ಷ. ಕಾಂಗ್ರೆಸ್ ಒಡೆದದ್ದು ಸರಿಯಾಗಿ ಆ ನಾಲ್ಕು ವರ್ಷಗಳ ನಡುವೆ. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಯುದ್ಧದ ಭಯ ಒಳಗಿನ ಜಗಳವನ್ನು ಅದುಮಿಟ್ಟಿತ್ತು. ಭಯ ಸರಿದ ಕೂಡಲೇ, ಇಷ್ಟು ದಿನ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಎದ್ದುನಿಂತಿತು: ಈ ಪಕ್ಷ ಯಾರದು?

ದೆಹಲಿಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನದಲ್ಲಿ ಅಧ್ಯಕ್ಷರು ಸರ್ಕಾರಿ ಉದ್ಯಮಗಳನ್ನು ಟೀಕಿಸಿದರು, ಪ್ರಧಾನಿ ಅಲ್ಲೇ ಉತ್ತರ ಕೊಟ್ಟರು. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಬ್ಯಾಂಕು ರಾಷ್ಟ್ರೀಕರಣದಂಥ ವಿಚಾರಗಳ ಟಿಪ್ಪಣಿಯನ್ನು ಇಂದಿರಾ ಅಲ್ಲಿಗೆ ಕಳಿಸಿದರು. ಸಂಸದೀಯ ಮಂಡಳಿ ನಾಲ್ಕಕ್ಕೆ ಎರಡರಂತೆ ಎನ್. ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು. ಇಂದಿರಾ ಬೇಕೆಂದಿದ್ದ ಜಗಜೀವನ ರಾಮ್ ಅವರಿಗೆ ಅವಕಾಶ ತಪ್ಪಿತು. ಒಬ್ಬ ದಲಿತ ನಾಯಕ ರಾಷ್ಟ್ರಪತಿಯಾಗುವುದನ್ನು ಹಿರಿಯರು ತಪ್ಪಿಸಿದರು ಎಂಬ ಮಾತು ನಮ್ಮ ಕೇರಿಗಳಿಗೆ ಮುಟ್ಟಲು ತಡವಾಗಲಿಲ್ಲ. ಜುಲೈ 19ಕ್ಕೆ ಹದಿನಾಲ್ಕು ಬ್ಯಾಂಕುಗಳು ಸರ್ಕಾರದ ವಶವಾದವು.

ಆಮೇಲಿನ ಹೆಜ್ಜೆಯೇ ನನ್ನ ಪ್ರಕಾರ ನಿಜಲಿಂಗಪ್ಪನವರ ದೊಡ್ಡ ತಪ್ಪು. ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೇಳಲು ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡರು. ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ: ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್ ಗೆಲ್ಲುವಂತಿರಲಿಲ್ಲ, ಅವರ ಎರಡನೆಯ ಮತ ಬೆಲೆಬಾಳುವಂಥದ್ದು. ಆದರೆ ಎರಡೇ ವರ್ಷದ ಹಿಂದೆ ಅವರದೇ ದುರ್ಗದಲ್ಲಿ ಅವರ ಪಕ್ಷವನ್ನು ಸೋಲಿಸಿದ್ದು ಸ್ವತಂತ್ರ ಪಕ್ಷ. ಊರಲ್ಲಿ ಯಾರ ವಿರುದ್ಧ ಸೈಕಲ್ಲು ತುಳಿದೆವೋ ಅವರ ಬಾಗಿಲಿಗೆ ಅಧ್ಯಕ್ಷರು ದೆಹಲಿಯಲ್ಲಿ ಹೋಗಿ ನಿಂತರೆ ಅಪ್ಪನಂಥ ಕಾರ್ಯಕರ್ತ ಊರವರಿಗೆ ಏನು ಹೇಳಬೇಕು? ಇಂದಿರಾ ಅದನ್ನೇ ಹಿಡಿದು ಆತ್ಮಸಾಕ್ಷಿಯ ಮತ ಕೇಳಿದರು. ಆಗಸ್ಟ್ 20ರ ಎಣಿಕೆಯಲ್ಲಿ ಮೊದಲ ಸುತ್ತಿಗೆ ಇಂದಿರಾ ಬೆಂಬಲಿಸಿದ ವಿ.ವಿ. ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548. ಎರಡನೆಯ ಪ್ರಾಶಸ್ತ್ಯ ಕೂಡಿಸಿದಮೇಲೆ 4,20,077ಕ್ಕೆ 4,05,427. ಕೂದಲೆಳೆಯ ಅಂತರ. ನವೆಂಬರ್ 12ರಂದು ನಿಜಲಿಂಗಪ್ಪನವರ ಕಾರ್ಯಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಲೋಕಸಭೆಯ ಕಾಂಗ್ರೆಸ್ ಸದಸ್ಯರಲ್ಲಿ ಹೆಚ್ಚಿನವರು ಹೊರಹಾಕಿಸಿಕೊಂಡವರ ಹಿಂದೆಯೇ ಹೋದರು.

ಮೈಸೂರು ರಾಜ್ಯ ನಿಜಲಿಂಗಪ್ಪನವರ ಕೈಯಲ್ಲೇ ಉಳಿಯಿತು. ಲವಕುಶರೆಂದೇ ಹೆಸರಾಗಿದ್ದ ಅವರ ಶಿಷ್ಯರು ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ. ಪಾಟೀಲರು ಮುಖ್ಯಮಂತ್ರಿ, ಹೆಗಡೆ ಅವರ ಸಂಪುಟದಲ್ಲಿ ಮಂತ್ರಿ. ನಿಜಲಿಂಗಪ್ಪನವರ ಸಂಪುಟದಲ್ಲೇ ಇದ್ದ ಡಿ. ದೇವರಾಜ ಅರಸರು ಇಂದಿರಾ ಕಡೆ ನಿಂತರು. ಊರುಗಳಲ್ಲಿ ಒಡಕು ಮನೆಯೊಳಗೇ ಆಯಿತು. ಜೋಡೆತ್ತಿನ ಗುರುತು ಎರಡೂ ಕಡೆಯವರಿಗೂ ಸಿಗದೆ, 1971ರ ಲೋಕಸಭಾ ಚುನಾವಣೆಗೆ ಇಂದಿರಾ ಕಾಂಗ್ರೆಸ್ಸಿಗೆ ಹಸು ಕರು, ನಿಜಲಿಂಗಪ್ಪನವರ ಬಣವಾದ ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ನೂಲುವ ಹೆಂಗಸು ಬಂತು. ಅಪ್ಪ ಚರಕದ ಚಿತ್ರ ಹಿಡಿದು ಹೊರಟರು. ಆಗ ಮತದಾನದ ವಯಸ್ಸು ಇಪ್ಪತ್ತೊಂದು, ನನಗೆ ಆಗಷ್ಟೇ ತುಂಬಿತ್ತು. ನಾನು ಹಸು ಕರುವಿಗೆ ಒತ್ತಿದೆ, ಮನೆಗೆ ಬಂದು ಹೇಳಿಯೂ ಹೇಳಿದೆ. ಅಪ್ಪ ಬಯ್ಯಲಿಲ್ಲ. “ಅವ್ರು ಒಳ್ಳೇ ಮನುಷ್ಯ ಕಣೋ” ಎಂದರು, ಅಷ್ಟೇ. ಒಳ್ಳೆಯ ಮನುಷ್ಯ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಆದರೆ ಬಡತನ ತೊಲಗಿಸುತ್ತೇನೆ ಎಂದು ಆ ಹೆಣ್ಣುಮಗಳು ಹೇಳಿದಾಗ ಕೇರಿಯ ಜನ ತಲೆಯೆತ್ತಿ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸಭೆಯಲ್ಲಿ ಅವರು ಚಾಪೆಯ ಮೇಲೆ ಕೂತಿದ್ದರು.

ಫಲಿತಾಂಶ ಬಂದಾಗ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾಗಿದ್ದವು. ಒಂದನ್ನೂ ಬಿಡಲಿಲ್ಲ. ಚಿತ್ರದುರ್ಗದಿಂದ ಗೆದ್ದವರು ಸೇವಾದಳದ ಕೊಂಡಜ್ಜಿ ಬಸಪ್ಪನವರು. ದೇಶದಲ್ಲಿ ಇಂದಿರಾಗೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16. ಬೆಂಗಳೂರಿನಲ್ಲಿ ಶಾಸಕರು ಸಾಲುಸಾಲಾಗಿ ಪಕ್ಷ ಬದಲಿಸಿದರು, ಮಾರ್ಚ್ 18ಕ್ಕೆ ಪಾಟೀಲರ ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಹದಿನೈದು ವರ್ಷ ನಡೆದ ಒಂದು ಆಳ್ವಿಕೆ ಒಂದು ವಾರದಲ್ಲಿ ಮುಗಿಯಿತು.

ಡಿಸೆಂಬರಿನ ಯುದ್ಧ ಬಂದಾಗ ರಾಜ್ಯದಲ್ಲಿ ಮುಖ್ಯಮಂತ್ರಿಯೇ ಇರಲಿಲ್ಲ. ನಿರಾಶ್ರಿತರ ನೆರವಿಗೆಂದು ನವೆಂಬರ್ 15ರಿಂದ ಪ್ರತಿ ಕಾಗದಕ್ಕೂ ಐದು ಪೈಸೆಯ ಇನ್ನೊಂದು ಅಂಚೆಚೀಟಿ ಹಚ್ಚಬೇಕಾಗಿತ್ತು. ದುರ್ಗದಲ್ಲಿ ಓದುತ್ತಿದ್ದ ನಾನು ಮನೆಗೆ ಬರೆದ ಕಾಗದಗಳ ಮೇಲೆ ಆ ಚೀಟಿ ಇದೆ. ಈ ಸಲ ಯಾರೂ ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಬರಲಿಲ್ಲ. ಹಳೆಯ ಪಕ್ಷದವರಿಗೆ ಉಮೇದಿರಲಿಲ್ಲ, ಹೊಸ ಪಕ್ಷಕ್ಕೆ ಊರುಗಳಲ್ಲಿ ಇನ್ನೂ ಕಾರ್ಯಕರ್ತರಿರಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ಸುದ್ದಿ ರೇಡಿಯೋದಲ್ಲಿ ಬಂದಾಗ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದರು. ಆ ಗೆಲುವು ತನ್ನ ನಾಯಕನನ್ನು ಕೆಳಗಿಳಿಸಿದವರದು ಎಂಬ ಎಣಿಕೆ ಅವರಲ್ಲಿರಲಿಲ್ಲ. ಮೂರು ತಿಂಗಳಿಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 216ರಲ್ಲಿ 165 ಗೆದ್ದಿತು, ಸಂಸ್ಥಾ ಕಾಂಗ್ರೆಸ್ 24ಕ್ಕೆ ನಿಂತಿತು. 1972ರ ಮಾರ್ಚ್ 20ರಂದು ಅರಸರು ಪ್ರಮಾಣವಚನ ಸ್ವೀಕರಿಸಿದರು. ಹಿಂದುಳಿದ ವರ್ಗಗಳಿಗೆ ಹಾವನೂರು ಆಯೋಗ, 1974ರ ಭೂಸುಧಾರಣೆ ತಿದ್ದುಪಡಿ, ಇವೆಲ್ಲ ಬಂದದ್ದು ಆಮೇಲೆ. ಹೊಸ ಪಕ್ಷವೂ ಹಳೆಯ ದಾರಿಯನ್ನೇ ಹಿಡಿಯಿತು: 1971ರ ತುರ್ತು ಪರಿಸ್ಥಿತಿ ಯುದ್ಧ ಮುಗಿದರೂ ತೆರವಾಗಲಿಲ್ಲ, 1975ರಲ್ಲಿ ಅದರ ಮೇಲೆ ಇನ್ನೊಂದು ಕೂತಿತು, 1977ರಲ್ಲಿ ಜನ ದೆಹಲಿಯಲ್ಲಿ ಅವರನ್ನೂ ಇಳಿಸಿದರು. ಸಂಸ್ಥಾ ಕಾಂಗ್ರೆಸ್ ಅದೇ ವರ್ಷ ಜನತಾ ಪಕ್ಷದಲ್ಲಿ ಕರಗಿಹೋಯಿತು.

ನಿಜಲಿಂಗಪ್ಪನವರು ದುರ್ಗಕ್ಕೆ ಮರಳಿದರು. ಅಧಿಕಾರ ಹೋದಮೇಲೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಬಂಗಲೆ ಹಿಡಿದು ಕೂರುವವರನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ. 2000ದ ಆಗಸ್ಟ್ 8ರಂದು, ತೊಂಬತ್ತೇಳು ದಾಟಿದ ವಯಸ್ಸಿನಲ್ಲಿ, ಇಲ್ಲಿಯೇ ತೀರಿಕೊಂಡರು. ಹೆದ್ದಾರಿಯ ಪಕ್ಕ ಸೀಬಾರದಲ್ಲಿ ಅವರ ಸ್ಮಾರಕವಿದೆ. ಮನುಷ್ಯನಾಗಿ ಅವರನ್ನು ಗೌರವಿಸುವುದಕ್ಕೂ ಅವರ ಪಕ್ಷ ಸೋತದ್ದು ನ್ಯಾಯವೇ ಎಂದು ಹೇಳುವುದಕ್ಕೂ ವಿರೋಧವಿಲ್ಲ. ದುರ್ಗದ ಮತದಾರರು ಈ ಎರಡನ್ನೂ ಒಟ್ಟಿಗೆ ಮಾಡಿದರು. ಇಷ್ಟು ವಿವೇಕದ ಜನರನ್ನು ಯುದ್ಧದ ಹೆಸರಿನಲ್ಲಿ ಸುಮ್ಮನಿರಿಸಿದ್ದೇವೆಂದು ತಿಳಿದದ್ದೇ ಪಕ್ಷದ ಪತನಕ್ಕೆ ಕಾರಣ ಎಂದು ನಾನು ದೃಢವಾಗಿ ನಂಬುತ್ತೇನೆ.

ನಾಲ್ಕು ತಾಲ್ಲೂಕಿನ ಓದುಗರಲ್ಲಿ ಒಂದು ಕೋರಿಕೆ. ರಕ್ಷಣಾ ನಿಧಿಯ ರಸೀತಿ, ಲೆವಿಯ ನೋಟೀಸು, ಪಡಿತರ ಚೀಟಿ, ಹಳೆಯ ಚುನಾವಣೆಯ ಕರಪತ್ರ, ಜೋಡೆತ್ತಿನ ಬಿಲ್ಲೆ ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಇದ್ದೀತು. ಮನೆ ಕೆಡವಿ ಕಟ್ಟುವಾಗ ಅವನ್ನು ಗುಜರಿಯವರಿಗೆ ಹಾಕಬೇಡಿ. ಕಾಲೇಜಿನ ಇತಿಹಾಸ ವಿಭಾಗಕ್ಕೋ ಜಿಲ್ಲಾ ಗ್ರಂಥಾಲಯಕ್ಕೋ ಕೊಡಿ, ಕೊಡುವಾಗ ಯಾರ ಮನೆಯದು, ಯಾವ ಊರಿನದು ಎಂದು ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಆ ಕಾಲವನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವರ್ಷವೇ ಕೂರಿಸಿಕೊಂಡು ಕೇಳಿ, ಫೋನಿನಲ್ಲಿ ದಾಖಲಿಸಿಕೊಳ್ಳಿ.